ಚೀನೀಯರ ವೈದ್ಯಪದ್ಧತಿ ಎಷ್ಟು ಪುರಾತನವಾದದ್ದು?

ಚೀನಾ ದೇಶದ ವೈದ್ಯಪದ್ಧತಿಯ ಪ್ರಸ್ತಾಪ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಮಾತೊಂದುಂಟು: ಅದು ಸಾವಿರಾರು ವರ್ಷಗಳಿಂದ ಎಡೆಬಿಡದೆ ನಡೆದುಬಂದ ಪದ್ಧತಿ, ಇಷ್ಟು ದೀರ್ಘಕಾಲ ಉಳಿದುಬಂದಿರುವುದೇ ಅದು ಸತ್ಯವೆಂಬುದಕ್ಕೆ ಸಾಕ್ಷಿ. ಆ ಪದ್ಧತಿಯನ್ನು ಮೆಚ್ಚುವವರು ಈ ಮಾತನ್ನಾಡುತ್ತಾರೆ. ಅದನ್ನು ಹಳೆಯ ಕಾಲದ ಮೂಢನಂಬಿಕೆಯೆಂದು ತಳ್ಳಿಹಾಕುವವರು ಸಹ ಅದರ ಮೊದಲ ಭಾಗವನ್ನು ಒಪ್ಪಿಕೊಂಡೇ ವಾದಿಸುತ್ತಾರೆ. ಆದರೆ ಆ ಮೊದಲ ಭಾಗವಾದರೂ ನಿಜವೆ? ಇಂದು ಚೀನಾದ ಆಸ್ಪತ್ರೆಗಳಲ್ಲಿಯೂ ಹೊರದೇಶಗಳ ಚಿಕಿತ್ಸಾಲಯಗಳಲ್ಲಿಯೂ ಆಚರಣೆಯಲ್ಲಿರುವ ಪದ್ಧತಿಯೂ ಪುರಾತನ ಚೀನಾದ ವೈದ್ಯರು ಅನುಸರಿಸುತ್ತಿದ್ದ ಪದ್ಧತಿಯೂ ಒಂದೇ ಎಂದು ಹೇಳಬಹುದೆ?

ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಒಂದು ವಸ್ತು ಎಷ್ಟು ಹಳೆಯದು ಎಂಬುದು ಚರಿತ್ರೆಯ ಪ್ರಶ್ನೆ. ಗ್ರಂಥಗಳಿಂದಲೂ ಉತ್ಖನನಗಳಿಂದಲೂ ಅದಕ್ಕೆ ಉತ್ತರ ದೊರೆಯಬೇಕು. ಅದು ರೋಗವನ್ನು ಗುಣಪಡಿಸುವುದೇ ಎಂಬುದು ವಿಜ್ಞಾನದ ಪ್ರಶ್ನೆ. ಪ್ರಯೋಗವೊಂದೇ ಅದಕ್ಕೆ ಉತ್ತರ ಕೊಡಬಲ್ಲದು. ಇವೆರಡನ್ನೂ ಬೇರ್ಪಡಿಸಿ ನೋಡುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ.

ಹೆಸರಿನ ಚರಿತ್ರೆ

ಇಂಗ್ಲಿಷಿನಲ್ಲಿ ಈ ಪದ್ಧತಿಯನ್ನು "ಸಾಂಪ್ರದಾಯಿಕ ಚೀನೀ ವೈದ್ಯ" ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಚೀನೀ ಭಾಷೆಯಲ್ಲಿ ಇದಕ್ಕೆ "ಜೋಂಗ್‌ಯೀ" ಎಂದು ಹೆಸರು. ಅದರ ಅರ್ಥ "ಚೀನೀ ವೈದ್ಯ" ಎಂದಷ್ಟೆ. ಸಂಪ್ರದಾಯವನ್ನು ಸೂಚಿಸುವ ವಿಶೇಷಣ ಅದರಲ್ಲಿಲ್ಲ. ಆ ವಿಶೇಷಣವು ೧೯೫೦ರ ದಶಕದ ನಡುವಣ ವರ್ಷಗಳಲ್ಲಿ, ಚೀನಾ ದೇಶವು ಹೊರಗಿನ ವಾಚಕರಿಗಾಗಿ ಪ್ರಕಟಿಸಿದ ಬರಹಗಳ ಮೂಲಕ ರೂಢಿಗೆ ಬಂದಿತು.

"ಚೀನೀ ವೈದ್ಯ" ಎಂಬ ಹೆಸರು ಸಹ ಬಹಳ ಹಳೆಯದಲ್ಲ. ಮನೆಯಲ್ಲಿ ಒಬ್ಬನೇ ಮಗನಿರುವವರೆಗೆ ಅವನನ್ನು ಹಿರಿಯ ಮಗನೆಂದು ಯಾರೂ ಕರೆಯುವುದಿಲ್ಲ. ಅದರಂತೆಯೇ ಚೀನೀಯರಿಗೆ ತಮ್ಮ ವೈದ್ಯವು ಬಹುಕಾಲ ಕೇವಲ "ವೈದ್ಯ"ವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ವೈದ್ಯವು ಬಂದು ನೆಲೆಯೂರಿ, ಅದಕ್ಕೆ "ಪಾಶ್ಚಾತ್ಯ ವೈದ್ಯ"ವೆಂಬ ಹೆಸರಾದ ಮೇಲೆಯೇ ತಮ್ಮದನ್ನು "ಚೀನೀ ವೈದ್ಯ"ವೆಂದು ಗುರುತಿಸಬೇಕಾದ ಅಗತ್ಯವುಂಟಾಯಿತು.

ಹಳೆಯ ಗ್ರಂಥಗಳು ಏನು ಹೇಳುತ್ತವೆ?

ಚೀನೀ ವೈದ್ಯಕ್ಕೆ ಮೂಲಾಧಾರವೆಂದು ಹೇಳುವ ಗ್ರಂಥ "ಹುವಾಂಗ್‌ದಿ ನೇಯ್‌ಜಿಂಗ್". ಪುರಾಣಪ್ರಸಿದ್ಧನಾದ ಪೀತ ಸಮ್ರಾಟನಿಗೂ ಅವನ ಮಂತ್ರಿಗಳಿಗೂ ನಡೆದ ಸಂವಾದದ ರೂಪದಲ್ಲಿ ಅದು ಇದೆ. ಹಾನ್ ರಾಜವಂಶದ ಕಾಲದಲ್ಲಿ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಅನೇಕರ ಬರಹಗಳನ್ನು ಕೂಡಿಸಿ ಅದನ್ನು ರಚಿಸಿದರೆಂದು ವಿದ್ವಾಂಸರ ಅಭಿಪ್ರಾಯ. ದೇಹದಲ್ಲಿ "ಚೀ" ಎಂಬ ಪ್ರಾಣಶಕ್ತಿಯು ನಾಡಿಗಳ ಮೂಲಕ ಹರಿಯುತ್ತದೆ. ಯಿನ್ ಮತ್ತು ಯಾಂಗ್ ಎಂಬ ಎರಡು ತತ್ತ್ವಗಳ ಸಮತೋಲನವೇ ಆರೋಗ್ಯ. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ಅವಸ್ಥೆಗಳು ದೇಹದ ಅಂಗಗಳಲ್ಲಿಯೂ ಋತುಗಳಲ್ಲಿಯೂ ಕೆಲಸ ಮಾಡುತ್ತವೆ ಎಂಬ ವಿಚಾರಗಳು ಅದರಲ್ಲಿವೆ. ಈ ವಿಚಾರಗಳು ನಿಜವಾಗಿಯೂ ಪುರಾತನವಾದವು, ಅದರಲ್ಲಿ ಸಂದೇಹವಿಲ್ಲ.

ಆದರೆ ಇನ್ನೂ ಹಿಂದಕ್ಕೆ ಹೋದರೆ ಚಿತ್ರವು ಬೇರೆಯಾಗುತ್ತದೆ. ೧೯೭೩ರಲ್ಲಿ ಹೂನಾನ್ ಪ್ರಾಂತದ ಚಾಂಗ್‌ಷಾ ನಗರದ ಬಳಿ, ಮಾವಾಂಗ್‌ದುಯ್ ಎಂಬಲ್ಲಿ, ಕ್ರಿ. ಪೂ. ೧೬೮ರಲ್ಲಿ ಮುಚ್ಚಿದ್ದ ಒಂದು ಗೋರಿಯನ್ನು ಅಗೆದರು. ಅದರಲ್ಲಿ ರೇಷ್ಮೆಬಟ್ಟೆಯ ಮೇಲೆ ಬರೆದ ವೈದ್ಯಗ್ರಂಥಗಳು ದೊರೆತವು. ಇಂದಿನ ಸೂಜಿ ಚಿಕಿತ್ಸೆಯವರು ಹನ್ನೆರಡು ಮುಖ್ಯ ನಾಡಿಗಳನ್ನು ಹೇಳುತ್ತಾರೆ. ಈ ಗ್ರಂಥಗಳಲ್ಲಿರುವುದು ಹನ್ನೊಂದು. ಇಂದಿನ ಚಿಕಿತ್ಸೆಗೆ ಆಧಾರವಾದ ಚುಚ್ಚುಬಿಂದುಗಳ ವ್ಯವಸ್ಥೆ ಅವುಗಳಲ್ಲಿ ಇಲ್ಲ. ನಾಡಿಗಳಿಗೆ ಅಲ್ಲಿ ಹೇಳಿರುವ ಚಿಕಿತ್ಸೆ ಸೂಜಿಯದೂ ಅಲ್ಲ. ಮಾಚಿಪತ್ರೆಯ ಜಾತಿಯ ಗಿಡದ ಒಣ ಎಲೆಯನ್ನು ಮೈಯ ಮೇಲೆ ಉರಿಸಿ ಶಾಖ ಕೊಡುವುದು. ಸೂಜಿಗಳ ವಿಸ್ತಾರವಾದ ವಿವರಣೆ ಬರುವುದು "ನೇಯ್‌ಜಿಂಗ್"ನಲ್ಲಿ. ಅಲ್ಲಿಯೂ ಹೇಳಿರುವ ಒಂಬತ್ತು ಬಗೆಯ ಸೂಜಿಗಳಲ್ಲಿ ಕೆಲವು ಕೀವುಗಟ್ಟಿದ ಕುರುವನ್ನು ಕೊಯ್ಯುವ, ರಕ್ತವನ್ನು ಹೊರಬಿಡುವ ಸಣ್ಣ ಚೂರಿಗಳೇ ಆಗಿವೆ. ರಕ್ತ ತೆಗೆಯುವುದು ಆ ಗ್ರಂಥದ ಮುಖ್ಯ ಚಿಕಿತ್ಸೆಗಳಲ್ಲೊಂದು.

ಮುಂದಿನ ಶತಮಾನಗಳಲ್ಲಿ ಒಂದೇ ಪ್ರವಾಹವಿರಲಿಲ್ಲ; ಅನೇಕ ತೊರೆಗಳು ಜೊತೆಜೊತೆಯಾಗಿ ಹರಿದವು. ಕ್ರಿ. ಶ. ೨೦೦ರ ಸುಮಾರಿನಲ್ಲಿದ್ದ ಜಾಂಗ್ ಜೋಂಗ್‌ಜಿಂಗ್ ಜ್ವರಗಳಿಗೆ ಗಿಡಮೂಲಿಕೆಗಳ ಕಷಾಯಗಳನ್ನು ವಿಧಿಸಿದನು. ಟಾಂಗ್ ರಾಜವಂಶದ ಕಾಲದಲ್ಲಿ (ಕ್ರಿ. ಶ. ೬೧೮–೯೦೭) ಅರಮನೆಯ ವೈದ್ಯಶಾಲೆಯಲ್ಲಿ ನಾಲ್ಕು ವಿಭಾಗಗಳಿದ್ದವು: ಔಷಧ, ಸೂಜಿ, ಅಂಗಮರ್ದನ, ಮತ್ತು ಮಂತ್ರ. ರೋಗಗಳನ್ನು ತರುವ ಭೂತಗಳನ್ನು ಮಂತ್ರದಿಂದ ಓಡಿಸುವುದು ಆ ಕಾಲದಲ್ಲಿ ವೈದ್ಯದ ಹೊರಗಿನ ವಿಷಯವಾಗಿರಲಿಲ್ಲ. ರಾಜಮಾನ್ಯವಾದ ಒಂದು ಶಾಖೆಯಾಗಿತ್ತು.

ಆ ಕಾಲದ ಚೀನೀ ವೈದ್ಯಕ್ಕೆ ಭರತಖಂಡದ ಕಾಣಿಕೆಯೂ ಸಂದಿತ್ತು. ಕಣ್ಣಿನ ಪೊರೆಯನ್ನು ಸೂಜಿಯಿಂದ ಸರಿಸಿ ದೃಷ್ಟಿಯನ್ನು ಮರಳಿ ಕೊಡುವ ಶಸ್ತ್ರವಿದ್ಯೆಯು ನಮ್ಮ ದೇಶದಿಂದ ಬೌದ್ಧರ ಮೂಲಕ ಅಲ್ಲಿಗೆ ಹೋಯಿತು. ನೇತ್ರವೈದ್ಯವನ್ನು ಕುರಿತ ಒಂದು ಚೀನೀ ಗ್ರಂಥಕ್ಕೆ ನಾಗಾರ್ಜುನನ ಹೆಸರೇ ಅಂಟಿಕೊಂಡಿದೆ. ಏಳನೆಯ ಶತಮಾನದ ಪ್ರಸಿದ್ಧ ವೈದ್ಯನಾದ ಸುನ್ ಸಿಮಿಯಾವೊ ತನ್ನ ಗ್ರಂಥದಲ್ಲಿ ಪಂಚಾವಸ್ಥೆಗಳ ಜೊತೆಗೆ, ಬೌದ್ಧರು ಹೇಳುವ ನಾಲ್ಕು ಮಹಾಭೂತಗಳನ್ನೂ ಅವುಗಳ ಕ್ಷೋಭೆಯಿಂದ ಹುಟ್ಟುವ ೪೦೪ ರೋಗಗಳನ್ನೂ ಹೇಳಿದ್ದಾನೆ. ಚೀನೀ ಸಂಪ್ರದಾಯವೆಂಬುದು ಆಗಲೇ ಹಲವು ನಾಡುಗಳ ಸರಕಿನಿಂದ ಕೂಡಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸೂಜಿ ಚಿಕಿತ್ಸೆಯ ಭಾಗ್ಯವೂ ಒಂದೇ ಸಮನಾಗಿರಲಿಲ್ಲ. ೧೦೨೭ರಲ್ಲಿ ವಾಂಗ್ ವೇಯೀ ಎಂಬ ಆಸ್ಥಾನವೈದ್ಯನು ಚುಚ್ಚುಬಿಂದುಗಳನ್ನು ಗುರುತಿಸಿದ ಕಂಚಿನ ಮಾನವವಿಗ್ರಹಗಳನ್ನು ಮಾಡಿಸಿದನು. ಆಗ ಅದಕ್ಕೆ ರಾಜಾಶ್ರಯವಿತ್ತು. ೧೮೨೨ರಲ್ಲಿ ದಾವೊಗುವಾಂಗ್ ಚಕ್ರವರ್ತಿಯು ಅದು ತನ್ನ ಆಸ್ಥಾನದ ವೈದ್ಯಶಾಲೆಗೆ ತಕ್ಕುದಲ್ಲವೆಂದು ಆ ವಿಭಾಗವನ್ನೇ ಮುಚ್ಚಿಸಿದನು. ಹಳೆಯ ಗ್ರಂಥಗಳನ್ನು ಚೀನೀಯರು ಕಣ್ಣುಮುಚ್ಚಿ ನಂಬಿದರೆಂಬುದೂ ಸರಿಯಲ್ಲ. ವಾಂಗ್ ಚಿಂಗ್‌ರೆನ್ ಎಂಬ ವೈದ್ಯನು ಸಾಂಕ್ರಾಮಿಕ ರೋಗದಿಂದ ಸತ್ತ ಮಕ್ಕಳ ಶವಗಳನ್ನು ಸ್ಮಶಾನದಲ್ಲಿ ತಾನೇ ನೋಡಿ, ಪೂರ್ವಿಕರು ಬರೆದಿಟ್ಟ ಅಂಗರಚನೆ ತಪ್ಪೆಂದು ೧೮೩೦ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು.

ಎರಡು ವೈದ್ಯಗಳ ಘರ್ಷಣೆ

೧೯೧೦ರ ಕೊನೆಯಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿತು. ಕೆಲವೇ ತಿಂಗಳುಗಳಲ್ಲಿ ಸುಮಾರು ೬೦,೦೦೦ ಜನ ಸತ್ತರು. ಮಲಯದಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಕಲಿತ ವು ಲಿಯನ್-ತೆ ಎಂಬ ವೈದ್ಯನು ಶವಪರೀಕ್ಷೆ ನಡೆಸಿ, ಸೂಕ್ಷ್ಮದರ್ಶಕದಲ್ಲಿ ರೋಗಾಣುವನ್ನು ಕಂಡು, ಇದು ಉಸಿರಿನಿಂದ ಹರಡುವ ರೋಗವೆಂದು ನಿರ್ಣಯಿಸಿದನು. ಬಾಯಿಮೂಗುಗಳಿಗೆ ಬಟ್ಟೆಯ ಕವಚ, ರೋಗಿಗಳ ಪ್ರತ್ಯೇಕತೆ, ಶವಗಳ ದಹನ ಇವುಗಳಿಂದ ೧೯೧೧ರ ವಸಂತದ ವೇಳೆಗೆ ಪ್ಲೇಗು ನಿಂತಿತು. ಈ ಘಟನೆಯ ಅನಂತರ ಹೊಸ ವೈದ್ಯದ ಪ್ರತಿಷ್ಠೆ ಬಹಳವಾಗಿ ಹೆಚ್ಚಿತು.

ಅದೇ ವರ್ಷದ ಕೊನೆಯಲ್ಲಿ ಕ್ರಾಂತಿಯಾಗಿ, ೧೯೧೨ರಲ್ಲಿ ಗಣರಾಜ್ಯ ಸ್ಥಾಪಿತವಾಯಿತು. ಹೊಸ ಚೀನಾಕ್ಕೆ ಹಳೆಯ ವೈದ್ಯ ಬೇಡವೆಂಬ ಕೂಗು ಎದ್ದಿತು. ೧೯೨೯ರ ಫೆಬ್ರವರಿಯಲ್ಲಿ, ಜಪಾನಿನಲ್ಲಿ ವೈದ್ಯಶಿಕ್ಷಣ ಪಡೆದಿದ್ದ ಯು ಯಾನ್ ಎಂಬಾತನು ಹಳೆಯ ವೈದ್ಯವನ್ನು ಹಂತಹಂತವಾಗಿ ರದ್ದುಮಾಡುವ ಸೂಚನೆಯನ್ನು ನಾನ್‌ಜಿಂಗ್ ಸರ್ಕಾರದ ಆರೋಗ್ಯ ಮಂಡಲಿಯ ಮುಂದಿಟ್ಟನು. ಮಂಡಲಿಯು ಅದನ್ನು ಅಂಗೀಕರಿಸಿತು. ಸುದ್ದಿ ಹರಡಿದೊಡನೆ ದೇಶದ ನಾನಾ ಪ್ರಾಂತಗಳಿಂದ ನೂರಾರು ಪ್ರತಿನಿಧಿಗಳು ಮಾರ್ಚ್ ೧೭ರಂದು ಷಾಂಘೈಯಲ್ಲಿ ಸೇರಿ ಪ್ರತಿಭಟಿಸಿದರು. ಸರ್ಕಾರವು ಹಿಂಜರಿಯಿತು; ನಿರ್ಣಯವು ಜಾರಿಗೆ ಬರಲಿಲ್ಲ.

ಈ ಹೋರಾಟದ ಒಂದು ಪರಿಣಾಮವನ್ನು ನಾವು ಮುಖ್ಯವಾಗಿ ಗಮನಿಸಬೇಕು. ಅದುವರೆಗೆ ಬೇರೆಬೇರೆ ಗುರುಮನೆತನಗಳಾಗಿ, ಒಬ್ಬರನ್ನೊಬ್ಬರು ಖಂಡಿಸುತ್ತ ಬಂದಿದ್ದ ವೈದ್ಯರು ತಮ್ಮ ಉಳಿವಿಗಾಗಿ ಒಂದಾದರು. ತಮ್ಮದು ಒಂದೇ ವೈದ್ಯ, ರಾಷ್ಟ್ರೀಯ ವೈದ್ಯ ಎಂದು ಸಾರಿದರು. ಅದನ್ನು ವಿಜ್ಞಾನದ ರೀತಿಯಲ್ಲಿ ಕ್ರಮಗೊಳಿಸುವುದಾಗಿಯೂ ಮಾತುಕೊಟ್ಟರು. ೧೯೩೧ರಲ್ಲಿ ಇದಕ್ಕಾಗಿ ರಾಷ್ಟ್ರೀಯ ವೈದ್ಯಸಂಸ್ಥೆಯೊಂದು ಏರ್ಪಟ್ಟಿತು.

ಇದೇ ಕಾಲದಲ್ಲಿ ಚೆಂಗ್ ದಾನ್‌ಆನ್ (೧೮೯೯–೧೯೫೭) ಸೂಜಿ ಚಿಕಿತ್ಸೆಯನ್ನು ಹೊಸದಾಗಿ ರೂಪಿಸಿದನು. ೧೯೩೧ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚುಚ್ಚುಬಿಂದುಗಳನ್ನು ಆಧುನಿಕ ಅಂಗರಚನಾಶಾಸ್ತ್ರದ ಪ್ರಕಾರ ಗುರುತಿಸಿ, ರಕ್ತನಾಳಗಳಿಗೆ ಸೂಜಿ ತಗಲದಂತೆ ಅವುಗಳ ಸ್ಥಾನಗಳನ್ನು ನಿರ್ದೇಶಿಸಿ, ಚಿಕಿತ್ಸೆಯ ಪರಿಣಾಮವನ್ನು ನರಮಂಡಲದಿಂದ ವಿವರಿಸಿದನು. ರಕ್ತವನ್ನು ಹೊರಬಿಡುವುದು ಹಿಂದೆ ಸರಿಯಿತು. ಕೂದಲಿನಂತಹ ತೆಳು ಸೂಜಿ ಮುಂದೆ ಬಂದಿತು. ಇಂದು ನಾವು ಚಿತ್ರಗಳಲ್ಲಿ ನೋಡುವ ಸೂಜಿ ಚಿಕಿತ್ಸೆಗೆ "ನೇಯ್‌ಜಿಂಗ್"ಗಿಂತ ಈ ಸುಧಾರಣೆಯೇ ಹೆಚ್ಚು ಸಮೀಪದ ಬಂಧು.

ಪಠ್ಯಪುಸ್ತಕದಲ್ಲಿ ರೂಪುಗೊಂಡ ಪದ್ಧತಿ

೧೯೪೯ರಲ್ಲಿ ಜನತಾ ಗಣರಾಜ್ಯವು ಸ್ಥಾಪಿತವಾದಾಗ ಚೀನಾದ ಜನಸಂಖ್ಯೆ ಐವತ್ತು ಕೋಟಿಯನ್ನು ಮೀರಿತ್ತು. ಪಾಶ್ಚಾತ್ಯ ರೀತಿಯ ವೈದ್ಯರು ಕೆಲವು ಹತ್ತು ಸಾವಿರ ಮಾತ್ರ. ಹಳೆಯ ರೀತಿಯವರು ಲಕ್ಷಗಟ್ಟಲೆ ಇದ್ದರು. ಇದ್ದ ಜನರಿಂದಲೇ ಕೆಲಸ ತೆಗೆಯಬೇಕಾಗಿತ್ತು. ಆದಕಾರಣ ಎರಡು ಬಗೆಯ ವೈದ್ಯರೂ ಒಂದಾಗಿ ದುಡಿಯಬೇಕೆಂದು ೧೯೫೦ರಲ್ಲಿ ಸರ್ಕಾರವು ಘೋಷಿಸಿತು. ಮೊದಲಲ್ಲಿ ಹಳೆಯ ವೈದ್ಯರು ಹೊಸ ವಿಜ್ಞಾನವನ್ನು ಕಲಿಯಬೇಕೆಂದಿತ್ತು. ಪಾಶ್ಚಾತ್ಯ ವೈದ್ಯವನ್ನು ಕಲಿತಿದ್ದ ಜು ಲಿಯಾನ್ ಎಂಬ ಮಹಿಳೆಯು ೧೯೫೧ರಲ್ಲಿ ಪ್ರಕಟಿಸಿದ "ಹೊಸ ಸೂಜಿ ಚಿಕಿತ್ಸೆ" ಎಂಬರ್ಥದ ಹೆಸರಿನ ಗ್ರಂಥದಲ್ಲಿ ನರಮಂಡಲದ ಸಿದ್ಧಾಂತಕ್ಕೇ ಪ್ರಾಧಾನ್ಯ. ೧೯೫೪ರಿಂದ ಗಾಳಿ ತಿರುಗಿತು. ಪಾಶ್ಚಾತ್ಯ ವೈದ್ಯರೇ ಚೀನೀ ವೈದ್ಯವನ್ನು ಕಲಿಯಬೇಕೆಂದು ಆಜ್ಞೆಯಾಯಿತು. ೧೯೫೫ರಲ್ಲಿ ಬೀಜಿಂಗಿನಲ್ಲಿ ಸಂಶೋಧನ ಸಂಸ್ಥೆಯೊಂದೂ, ೧೯೫೬ರಲ್ಲಿ ಬೀಜಿಂಗ್, ಷಾಂಘೈ, ಗುವಾಂಗ್‌ಜೌ, ಚೆಂಗ್‌ದು ಎಂಬ ನಾಲ್ಕು ನಗರಗಳಲ್ಲಿ ಕಾಲೇಜುಗಳೂ ಸ್ಥಾಪಿತವಾದವು. ೧೯೫೮ರಲ್ಲಿ ಮಾವೊ ತ್ಸೆ-ತುಂಗ್ ಚೀನೀ ವೈದ್ಯವನ್ನು ದೊಡ್ಡದೊಂದು ಭಂಡಾರವೆಂದು ಕೊಂಡಾಡಿದನು.

ಕಾಲೇಜು ಎಂದ ಮೇಲೆ ಪಾಠಪಟ್ಟಿ ಬೇಕು, ಪರೀಕ್ಷೆ ಬೇಕು, ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಪುಸ್ತಕ ಬೇಕು. ಹಳೆಯ ಗುರುಗಳು ತಮ್ಮ ಮನೆತನದ ಮರ್ಮಗಳನ್ನು ಶಿಷ್ಯನಿಗೆ ಬಾಯಿಯಿಂದ ಹೇಳುತ್ತಿದ್ದರು. ಒಬ್ಬರ ಮಾತಿಗೂ ಮತ್ತೊಬ್ಬರ ಮಾತಿಗೂ ಹೊಂದಿಕೆಯಿರುತ್ತಿರಲಿಲ್ಲ. ಇವುಗಳನ್ನೆಲ್ಲ ಸೋಸಿ, ಪರಸ್ಪರ ವಿರೋಧಗಳನ್ನು ಬಿಟ್ಟು, ಒಂದು ಕ್ರಮಕ್ಕೆ ತಂದು, ೧೯೫೮ರಲ್ಲಿ ನಾನ್‌ಜಿಂಗಿನ ವೈದ್ಯರು ಚೀನೀ ವೈದ್ಯದ ರೂಪರೇಖೆಯನ್ನು ಹೇಳುವ ಪಠ್ಯಪುಸ್ತಕವನ್ನು ಸಿದ್ಧಪಡಿಸಿದರು. ಭೂತಗಳು ಹೋದವು, ಮಂತ್ರಗಳು ಹೋದವು. ಯಿನ್-ಯಾಂಗ್ ಮತ್ತು ಪಂಚಾವಸ್ಥೆಗಳು ಉಳಿದವು. ರೋಗಿಯ ಲಕ್ಷಣಗಳನ್ನು ಕೂಡಿಸಿ ಒಂದು "ಮಾದರಿ"ಯನ್ನು ಗುರುತಿಸಿ, ಅದಕ್ಕೆ ತಕ್ಕ ಚಿಕಿತ್ಸೆಯನ್ನು ನಿಶ್ಚಯಿಸುವುದೇ ಚೀನೀ ವೈದ್ಯದ ಜೀವಾಳವೆಂದು ಇಂದಿನ ಪುಸ್ತಕಗಳು ಬೋಧಿಸುತ್ತವೆ. ಇದರ ಅಂಶಗಳು ಹಳೆಯ ಗ್ರಂಥಗಳಲ್ಲಿಯೂ ಉಂಟು; ಆದರೆ ಇದನ್ನು ಇಡೀ ಪದ್ಧತಿಯ ತಿರುಳೆಂದು ಪ್ರತಿಷ್ಠಾಪಿಸಿದುದು ೧೯೫೦ರ ದಶಕದಲ್ಲಿ.

ಹೊಸ ಕವಲುಗಳು

ಹಳತೆಂದು ತಿಳಿಯಲಾದ ಕೆಲವು ಚಿಕಿತ್ಸೆಗಳಂತೂ ಸಂಪೂರ್ಣವಾಗಿ ಹೊಸವು. ಕಿವಿಯ ಹಾಲೆಯ ಮೇಲೆ ತಲೆಕೆಳಗಾದ ಶಿಶುವಿನ ಆಕಾರವನ್ನು ಕಲ್ಪಿಸಿ, ದೇಹದ ಒಂದೊಂದು ಅಂಗಕ್ಕೂ ಕಿವಿಯಲ್ಲಿ ಒಂದೊಂದು ಬಿಂದುವನ್ನು ತೋರಿಸುವ ಭೂಪಟಗಳನ್ನು ಚೀನೀ ಚಿಕಿತ್ಸಾಲಯಗಳ ಗೋಡೆಗಳಲ್ಲಿ ಕಾಣಬಹುದು. ಈ ಕಲ್ಪನೆಯನ್ನು ೧೯೫೦ರ ದಶಕದಲ್ಲಿ ಮುಂದಿಟ್ಟವನು ಫ್ರಾನ್ಸಿನ ಲಿಯೋನ್ ನಗರದ ವೈದ್ಯನಾದ ಪಾಲ್ ನೋಜಿಯೆ. ಅವನ ಲೇಖನವು ೧೯೫೮ರಲ್ಲಿ ಚೀನೀ ಭಾಷೆಗೆ ಬಂದ ಮೇಲೆ ಚೀನೀಯರು ಅದನ್ನು ತಮ್ಮದಾಗಿಸಿಕೊಂಡರು. ಗಿಡಮೂಲಿಕೆಗಳ ಸಾರವನ್ನು ಇಂಜೆಕ್ಷನ್ ಮೂಲಕ ಕೊಡುವ ರೂಢಿ ೧೯೪೦ರ ದಶಕದಲ್ಲಿ, ಯುದ್ಧಕಾಲದ ಔಷಧಾಭಾವದಿಂದ ಹುಟ್ಟಿತು. ಸೂಜಿಗೆ ವಿದ್ಯುತ್ತನ್ನು ಹರಿಸುವುದು ಪುರಾತನವಾದುದಲ್ಲವೆಂದು ಹೇಳಬೇಕಾದುದೇ ಇಲ್ಲ.

ಈ ಪದ್ಧತಿಯ ಕೀರ್ತಿ ಪಶ್ಚಿಮದಲ್ಲಿ ಹರಡಿದ ಬಗೆಯೂ ಸ್ವಾರಸ್ಯವಾದುದು. ೧೯೭೧ರ ಜುಲೈಯಲ್ಲಿ ಜೇಮ್ಸ್ ರೆಸ್ಟನ್ ಎಂಬ ಅಮೆರಿಕದ ಪತ್ರಕರ್ತನಿಗೆ ಬೀಜಿಂಗಿನಲ್ಲಿ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯಾಯಿತು. ಸೂಜಿ ಚುಚ್ಚಿಯೇ ಅವನ ನೋವನ್ನು ತಡೆದು ಹೊಟ್ಟೆಯನ್ನು ಕೊಯ್ದರೆಂದು ಅನೇಕರು ಇಂದಿಗೂ ನಂಬಿದ್ದಾರೆ. ಅವನೇ ಬರೆದ ವರದಿಯಂತೆ, ಶಸ್ತ್ರಚಿಕಿತ್ಸೆಗೆ ಕೊಟ್ಟದ್ದು ಸಾಮಾನ್ಯವಾದ ಅರಿವಳಿಕೆಯ ಇಂಜೆಕ್ಷನ್. ಸೂಜಿ ಚುಚ್ಚಿದುದು ಅನಂತರ, ಹೊಟ್ಟೆಯುಬ್ಬರದ ಬಾಧೆಗೆ.

ಹಳತೆಂಬುದು ಪ್ರಮಾಣವೆ?

ಹಾಗಾದರೆ ಇಂದಿನ ಚೀನೀ ವೈದ್ಯವು ಕಪಟವೆ? ಹಾಗೆನ್ನುವುದು ದುಡುಕಾದೀತು. ಬದಲಾಗುವುದು ದೋಷವಲ್ಲ, ಬದಲಾಗದ ವೈದ್ಯವೇ ಅಪಾಯಕರ. ಸೂಜಿಯನ್ನು ಕುದಿಸಿ ಶುದ್ಧಿಗೊಳಿಸುವುದು, ರಕ್ತನಾಳವನ್ನು ತಪ್ಪಿಸುವುದು, ಮಂತ್ರವನ್ನು ಬಿಡುವುದು ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ೧೯೫೦ರ ದಶಕದಲ್ಲಿ ಕಟ್ಟಿದ ಮನೆಗೆ, ಅದರ ಇಟ್ಟಿಗೆಗಳಲ್ಲಿ ಕೆಲವು ಹಳೆಯವಾದ ಮಾತ್ರಕ್ಕೆ, ಎರಡು ಸಾವಿರ ವರ್ಷಗಳ ಆಯುಸ್ಸನ್ನು ಹೇಳಿ, ಆ ಆಯುಸ್ಸನ್ನೇ ಔಷಧದ ಗುಣಕ್ಕೂ ನಿರಪಾಯಕ್ಕೂ ಜಾಮೀನಾಗಿ ಕೊಡುವುದು ಸರಿಯಲ್ಲ. ಆ ಜಾಮೀನನ್ನು ನಂಬಿದವರು ಕೆಲವೊಮ್ಮೆ ತೆರಬೇಕಾದ ಬೆಲೆ ದೊಡ್ಡದು.

ಬೆಲ್ಜಿಯಂ ದೇಶದಲ್ಲಿ ನಡೆದುದನ್ನು ನೋಡೋಣ. ೧೯೯೦ರ ದಶಕದ ಆರಂಭದಲ್ಲಿ ಬ್ರಸೆಲ್ಸಿನ ಒಂದು ಚಿಕಿತ್ಸಾಲಯದಲ್ಲಿ ಮೈ ಇಳಿಸಿಕೊಳ್ಳಲು ಚೀನೀ ಮೂಲಿಕೆಗಳು ಸೇರಿದ ಗುಳಿಗೆಗಳನ್ನು ನುಂಗಿದ ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟವು. ಇಂತಹ ರೋಗಿಗಳ ಸಂಖ್ಯೆ ನೂರನ್ನು ಮೀರಿತು. ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಉಂಟಾಯಿತು. "ಫಾಂಗ್‌ಜೀ" ಎಂಬ ಒಂದೇ ಬಗೆಯ ಹೆಸರು ಎರಡು ಬೇರೆ ಗಿಡಗಳಿಗಿದ್ದುದರಿಂದ, ಒಂದರ ಬದಲು ಅರಿಸ್ಟೊಲೋಕಿಯಾ ಕುಲದ ಬಳ್ಳಿಯು ಗುಳಿಗೆಯಲ್ಲಿ ಸೇರಿತ್ತು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವೇ ಈ ವಿಷ. ಇಲ್ಲಿ ಎರಡು ಪಾಠಗಳಿವೆ. ಮೈ ಇಳಿಸುವ ಆ ಗುಳಿಗೆಯು ಯಾವ ಪುರಾತನ ಗ್ರಂಥದ್ದೂ ಅಲ್ಲ. ಹಳೆಯ ಹೆಸರಿನ ಮರೆಯಲ್ಲಿ ಬಂದ ಹೊಸ ಪದಾರ್ಥ. ಅದಕ್ಕಿಂತ ಮುಖ್ಯವಾದುದು ಎರಡನೆಯದು: ಅರಿಸ್ಟೊಲೋಕಿಯಾ ಜಾತಿಯ ಗಿಡಗಳನ್ನು ಚೀನೀಯರು ಶತಮಾನಗಳಿಂದ ಬಳಸುತ್ತಲೇ ಇದ್ದರು, ಆದರೂ ಈ ವಿಷದ ಅರಿವಾಗಿರಲಿಲ್ಲ. ತಿಂದ ಕೂಡಲೇ ವಾಂತಿಯಾದರೆ ಕಾರಣವನ್ನು ಯಾರಾದರೂ ಊಹಿಸಬಲ್ಲರು. ವರ್ಷಗಳು ಕಳೆದ ಮೇಲೆ ಮೂತ್ರಪಿಂಡ ಕುಗ್ಗಿದರೆ, ಕ್ಯಾನ್ಸರ್ ಹುಟ್ಟಿದರೆ, ಅಂದಿನ ಕಷಾಯಕ್ಕೂ ಇಂದಿನ ರೋಗಕ್ಕೂ ಸಂಬಂಧವನ್ನು ಒಬ್ಬ ವೈದ್ಯನು ತನ್ನ ಅನುಭವದಿಂದ ಕಾಣಲಾರನು. ಸಾವಿರ ವರ್ಷಗಳ ಅನುಭವಕ್ಕೂ ಕಾಣದ ಸಂಗತಿಗಳುಂಟು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆ. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬಾತನ ಗ್ರಂಥದಲ್ಲಿ, ಚಳಿಜ್ವರಕ್ಕೆ ಚಿಂಗ್‌ಹಾವೊ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸವನ್ನು ಕುಡಿಯಬೇಕೆಂಬ ಯೋಗವೊಂದಿದೆ. ಈ ಗಿಡವೂ ನಮ್ಮ ಮಾಚಿಪತ್ರೆಯ ಕುಲಕ್ಕೆ ಸೇರಿದುದು. ಮಲೇರಿಯಾಕ್ಕೆ ಹೊಸ ಔಷಧವನ್ನು ಹುಡುಕಲು ೧೯೬೭ರಲ್ಲಿ ಆರಂಭವಾದ ಯೋಜನೆಯಲ್ಲಿ ತು ಯೋಯೋ ಎಂಬ ವಿಜ್ಞಾನಿಯೂ ಆಕೆಯ ಸಂಗಡಿಗರೂ ನೂರಾರು ಮೂಲಿಕಾಸಾರಗಳನ್ನು ಇಲಿಗಳ ಮೇಲೆ ಪರೀಕ್ಷಿಸಿದರು, ಬಹುಪಾಲು ನಿಷ್ಪ್ರಯೋಜಕವಾದವು. ಚಿಂಗ್‌ಹಾವೊ ಸಹ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೊಡುತ್ತಿರಲಿಲ್ಲ. ಗೆ ಹಾಂಗ್ ಕುದಿಸಲು ಹೇಳಿಲ್ಲ, ನೆನೆಸಿ ಹಿಂಡಲು ಹೇಳಿದ್ದಾನೆ ಎಂಬುದನ್ನು ತು ಯೋಯೋ ಗಮನಿಸಿ, ಶಾಖದಿಂದ ಗುಣವು ಕೆಡುತ್ತಿರಬಹುದೆಂದು ತರ್ಕಿಸಿ, ಕಡಿಮೆ ಉಷ್ಣತೆಯಲ್ಲಿ ಈಥರಿನಿಂದ ಸಾರವನ್ನು ತೆಗೆದಳು. ೧೯೭೧ರ ಅಕ್ಟೋಬರಿನಲ್ಲಿ ಅದು ಪ್ರಾಣಿಗಳಲ್ಲಿ ಸಂಪೂರ್ಣವಾಗಿ ಫಲಿಸಿತು. ಅದರಿಂದ ಬಂದ ಆರ್ಟಿಮಿಸಿನಿನ್ ಲಕ್ಷಾಂತರ ಜೀವಗಳನ್ನು ಉಳಿಸಿದೆ. ೨೦೧೫ರಲ್ಲಿ ತು ಯೋಯೋಗೆ ನೊಬೆಲ್ ಪಾರಿತೋಷಕ ದೊರೆಯಿತು. ಹಳೆಯ ಗ್ರಂಥವು ಸುಳಿವು ಕೊಟ್ಟಿತು. ತೀರ್ಪು ಕೊಟ್ಟುದು ಪ್ರಯೋಗ.

ಸೂಜಿ ಚಿಕಿತ್ಸೆಯನ್ನೂ ಹೀಗೆಯೇ ಪರೀಕ್ಷಿಸಿದ್ದಾರೆ. ೨೦೦೭ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಪರೀಕ್ಷೆಯಲ್ಲಿ ಬೆನ್ನುನೋವಿನ ೧,೧೬೨ ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಎರಡನೆಯದಕ್ಕೆ ಬಿಂದುಗಳಲ್ಲದ ಕಡೆ ಮೇಲುಮೇಲಾಗಿ ಸೂಜಿ. ಮೂರನೆಯದಕ್ಕೆ ಸಾಮಾನ್ಯ ಚಿಕಿತ್ಸೆ. ಆರು ತಿಂಗಳ ಮೇಲೆ ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು ೪೮, ಎರಡನೆಯದರಲ್ಲಿ ೪೪, ಮೂರನೆಯದರಲ್ಲಿ ೨೭ ಮಂದಿಗೆ ಉಪಶಮನವಾಗಿತ್ತು. ಸೂಜಿಯಿಂದ ರೋಗಿಗೆ ನೆಮ್ಮದಿ ದೊರೆತುದು ನಿಜ. ಆದರೆ ಯಾವ ಬಿಂದುವಿನಲ್ಲಿ ಚುಚ್ಚಿದರೆಂಬುದಕ್ಕೆ ಹೆಚ್ಚಿನ ಮಹತ್ತ್ವ ಕಾಣಲಿಲ್ಲ. ನಾಡಿಗಳ ಸಿದ್ಧಾಂತ ಎಷ್ಟು ಹಳೆಯದೆಂಬುದರಿಂದ ಈ ಅಂಕಿಗಳು ಬದಲಾಗುವುದಿಲ್ಲ. ಅದು ಹೊಸದೆಂದು ತೋರಿಸಿದರೂ ಬದಲಾಗುವುದಿಲ್ಲ.

ಆದುದರಿಂದ ವಿದ್ಯಾರ್ಥಿಗಳು ಯಾವುದೇ ವೈದ್ಯಪದ್ಧತಿಯ ವಿಷಯದಲ್ಲಿ, ಅದು ಚೀನಾದ್ದಾಗಲಿ ನಮ್ಮದೇ ಆಗಲಿ, "ಪರಂಪರೆಯಿಂದ ಬಂದದ್ದು" ಎಂಬ ಮಾತನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಈ ಪದ್ಧತಿಯಲ್ಲಿ ಯಾವ ಭಾಗ ಯಾವ ಕಾಲದ್ದು? ಇದರಿಂದ ಗುಣವಾಗುವುದೆಂಬುದನ್ನು ಹೋಲಿಕೆಯ ಗುಂಪನ್ನಿಟ್ಟು ಪರೀಕ್ಷಿಸಿದ್ದಾರೆಯೆ? ತಡವಾಗಿ ತೋರುವ ಕೆಡುಕನ್ನು ಹುಡುಕಿದ್ದಾರೆಯೆ? ಮೊದಲನೆಯ ಪ್ರಶ್ನೆಗೆ ದೊರೆತ ಉತ್ತರವನ್ನು ಉಳಿದೆರಡಕ್ಕೆ ಉತ್ತರವೆಂದು ಎಂದೂ ಎಣಿಸಬಾರದು.